ಮೊದಲು ಹೆಸರು, ಆಮೇಲೆ ವ್ಯಾಜ್ಯ

ವೈದ್ಯರ ಮುಂದೆ ರೋಗವನ್ನೂ ವಕೀಲರ ಮುಂದೆ ಸಂಗತಿಯನ್ನೂ ಬಚ್ಚಿಡಬಾರದೆಂದು ಹಿರಿಯರು ಹೇಳುವುದುಂಟು. ಮಾತು ನಿಜವೇ ಸರಿ. ಆದರೆ ನಮ್ಮ ರಹಸ್ಯವನ್ನು ಕೇಳುವಾತನು ಅದಕ್ಕೆ ಮೊದಲೇ ಎದುರುಪಕ್ಷದವರ ರಹಸ್ಯವನ್ನೂ ಕೇಳಿಕೊಂಡಿರುವನೋ ಹೇಗೆ ಎಂದು ವಿಚಾರಿಸಬೇಕೆಂಬ ವಿವೇಕವು ನಮ್ಮ ಗೃಹಸ್ಥರಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ನಮ್ಮ ಮನೆಯಲ್ಲಿಯೂ ಅದು ಇರಲಿಲ್ಲ. ಅದರಿಂದ ಒದಗಿದ ಕಷ್ಟವನ್ನು ವಾಚಕರ ಮುಂದಿಟ್ಟು, ಅಂಥ ಕಷ್ಟವು ಬಾರದಿರಲೆಂದು ಇಂದಿನ ವಕೀಲರ ಕಚೇರಿಗಳಲ್ಲಿ ಕಂಪ್ಯೂಟರಿನ ಸಹಾಯದಿಂದ ನಡೆಯುವ ಒಂದು ಪರೀಕ್ಷೆಯನ್ನು ವಿವರಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ತಂಗಿಯು ಕೆಲವು ವರ್ಷಗಳ ಹಿಂದೆ ಪತಿಯನ್ನು ಕಳೆದುಕೊಂಡಳು. ಗಂಡನ ಪಾಲಿಗೆ ಬರತಕ್ಕ ಜಮೀನನ್ನು ಭಾವನವರು ಬಿಟ್ಟುಕೊಡದಿದ್ದುದರಿಂದ, ಜಿಲ್ಲೆಯ ಪಟ್ಟಣದಲ್ಲಿ ನಾಲ್ಕಾರು ವಕೀಲರು ಕೂಡಿ ನಡೆಸುತ್ತಿದ್ದ ಒಂದು ಕಚೇರಿಗೆ ಅವಳನ್ನು ನಾವೇ ಕರೆದುಕೊಂಡು ಹೋದೆವು. ಅಲ್ಲಿಯ ಗುಮಾಸ್ತರು ಭಾವನವರ ಹೆಸರನ್ನು ಕೇಳಿ, ಒಂದು ಹಳೆಯ ಪುಸ್ತಕವನ್ನು ತಿರುವಿಹಾಕಿ, "ಏನೂ ತೊಂದರೆಯಿಲ್ಲ, ಒಳಗೆ ಹೋಗಿ ಮೇಷ್ಟ್ರೇ" ಎಂದರು. ಒಳಗಿದ್ದ ವಕೀಲರು ಸಜ್ಜನರು. ತಂಗಿಯು ಒಂದು ಗಂಟೆಗೂ ಮೇಲ್ಪಟ್ಟು ಮಾತನಾಡಿದಳು. ಪಹಣಿ, ಮರಣಪತ್ರ, ಗಂಡನ ಕೈಬರಹದ ಕಾಗದಗಳು ಎಲ್ಲವನ್ನೂ ಕೊಟ್ಟಳು. ಮಗಳ ಮದುವೆಯ ಖರ್ಚಿರುವುದರಿಂದ ಕೊನೆಯ ಪಕ್ಷ ಎಷ್ಟು ಹಣಕ್ಕೆ ರಾಜಿಯಾಗಲು ತಾನು ಸಿದ್ಧಳೆಂಬುದನ್ನು ಸಹ ಹೇಳಿಬಿಟ್ಟಳು.

ಎಂಟು ದಿನಗಳಾದ ಮೇಲೆ ವಕೀಲರು ನಮ್ಮನ್ನು ಕರೆಯಿಸಿ, ಬಹಳ ಸಂಕೋಚದಿಂದ ಕಾಗದಗಳನ್ನೆಲ್ಲ ಹಿಂದಕ್ಕೆ ಕೊಟ್ಟರು. ಅದೇ ಕಚೇರಿಯ ಇನ್ನೊಬ್ಬ ವಕೀಲರು ಮೂರು ವರ್ಷಗಳ ಹಿಂದೆ ಅದೇ ಜಮೀನಿನ ವಿಷಯದಲ್ಲಿ ಭಾವನವರಿಗೆ ಸಲಹೆ ಕೊಟ್ಟು ಕರಾರುಪತ್ರವನ್ನು ಬರೆದುಕೊಟ್ಟಿದ್ದರಂತೆ. ಪುಸ್ತಕದಲ್ಲಿ ಅದು ನಮೂದಾಗಿಯೂ ಇತ್ತು. ಆದರೆ ಭಾವನವರ ಹೆಸರನ್ನು ಆಂಗ್ಲ ಲಿಪಿಯಲ್ಲಿ ಒಮ್ಮೆ 'ಇ' ಅಕ್ಷರದಿಂದಲೂ ಇನ್ನೊಮ್ಮೆ 'ವೈ' ಅಕ್ಷರದಿಂದಲೂ ಬರೆಯುವ ರೂಢಿಯಿತ್ತು. ಗುಮಾಸ್ತರು ಒಂದು ಅಕ್ಷರದ ಕೆಳಗೆ ಹುಡುಕಿದರು, ಹೆಸರು ಇನ್ನೊಂದರ ಕೆಳಗೆ ಕುಳಿತಿತ್ತು. ಇನ್ನು ತಾವು ಇಬ್ಬರ ಪರವಾಗಿಯೂ ನಡೆಯುವಂತಿಲ್ಲವೆಂದು ವಕೀಲರು ಹೇಳಿದರು, ಹಾಗೆಯೇ ನಡೆದುಕೊಂಡರು.

ವ್ಯಾಜ್ಯವು ಬೇರೊಬ್ಬ ವಕೀಲರ ಮೂಲಕ ರಾಜಿಯಲ್ಲಿ ಮುಗಿಯಿತು. ಆದರೆ ರಾಜಿಯ ಮಾತು ಎದ್ದ ಮೊದಲ ದಿನವೇ ಭಾವನವರ ಕಡೆಯಿಂದ ಬಂದ ಮೊತ್ತವು ತಂಗಿಯು ಆ ಕೊಠಡಿಯಲ್ಲಿ ಹೇಳಿದ ಮೊತ್ತಕ್ಕೆ ಬಲು ಸಮೀಪವಾಗಿತ್ತು. ಅದು ಕಾಕತಾಳೀಯವಿರಬಹುದು. ನಾವು ಯಾರನ್ನೂ ದೂಷಿಸುವುದಿಲ್ಲ, ದೂಷಿಸಲು ಆಧಾರವೂ ಇಲ್ಲ. ಆದರೆ ತಂಗಿಯು ಇಂದಿಗೂ, "ಅಣ್ಣಾ, ಅವರಿಗೆ ಹೇಗೆ ಗೊತ್ತಾಯಿತು?" ಎಂದು ಕೇಳುವುದನ್ನು ಬಿಟ್ಟಿಲ್ಲ. ತಪ್ಪು ನಡೆಯಿತೆಂದು ಅವಳು ಸಾಧಿಸಲಾರಳು. ನಡೆಯಲಿಲ್ಲವೆಂದು ಆ ಸಜ್ಜನರೂ ಸಾಧಿಸಲಾರರು. ಇಂಥ ಸಂಶಯಕ್ಕೆ ಎಡೆಯೇ ಇರಬಾರದೆಂಬುದು ನಾವು ಹೇಳಹೊರಟಿರುವ ನಿಯಮದ ತಿರುಳು.

ಒಬ್ಬನು ಇಬ್ಬರು ಒಡೆಯರ ಅನ್ನವನ್ನು ಉಣ್ಣುವ ಸ್ಥಿತಿಯು ನಮ್ಮ ಪ್ರಾಚೀನರಿಗೆ ತಿಳಿಯದ್ದೇನೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೊತ್ತಮೊದಲು ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಉಭಯವೇತನ' ಎಂಬ ಶಬ್ದವಿದೆ. ತನ್ನ ರಾಜನ ಚಾರನಾಗಿದ್ದುಕೊಂಡೇ ಶತ್ರುರಾಜನ ಸೇವೆಗೆ ಸೇರಿ ಅವನಿಂದಲೂ ಸಂಬಳವನ್ನು ಪಡೆಯುವವನಿಗೆ ಆ ಹೆಸರು. ರಾಜತಂತ್ರದಲ್ಲಿ ಅವನು ಉಪಯುಕ್ತನು. ವಕೀಲವೃತ್ತಿಯಲ್ಲಿ ಅಂಥವನಿಗೆ ಸ್ಥಳವಿಲ್ಲ. 1961ರ ಅಡ್ವೊಕೇಟ್ಸ್ ಆಕ್ಟಿನ ಆಧಾರದಿಂದ ಭಾರತೀಯ ವಕೀಲರ ಪರಿಷತ್ತು ರಚಿಸಿರುವ ನಿಯಮಗಳಲ್ಲಿ 33ನೆಯದು ಇದನ್ನೇ ವಿಧಿಸುತ್ತದೆ. ದಾವೆ ಹೂಡುವ ವಿಷಯದಲ್ಲಿ ಸಲಹೆಯನ್ನು ಕೊಟ್ಟಿರುವ, ವಾದಪತ್ರವನ್ನು ಬರೆದಿರುವ, ಅಥವಾ ಒಂದು ಪಕ್ಷದ ಪರವಾಗಿ ನಡೆದುಕೊಂಡಿರುವ ವಕೀಲನು ಎದುರುಪಕ್ಷದ ಪರವಾಗಿ ನಿಲ್ಲಕೂಡದು. ಕಕ್ಷಿಗಾರನ ನಿರ್ಧಾರದ ಮೇಲೆ ಪರಿಣಾಮ ಮಾಡಬಹುದಾದ ತನ್ನ ಸಂಬಂಧಗಳನ್ನೂ ಆಸಕ್ತಿಗಳನ್ನೂ ಕೆಲಸವನ್ನು ಒಪ್ಪಿಕೊಳ್ಳುವಾಗಲೇ ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು 14ನೆಯ ನಿಯಮವು ಹೇಳುತ್ತದೆ. ಪಕ್ಷವನ್ನು ಬದಲಾಯಿಸಿದ ವಕೀಲರೊಬ್ಬರ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ, ಒಂದು ಪಕ್ಷದವರು ನೇಮಿಸಿಕೊಂಡಿರುವಾಗ ಇನ್ನೊಂದು ಪಕ್ಷದ ಕೆಲಸವನ್ನು ಒಪ್ಪಿಕೊಳ್ಳುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದು ತೀರ್ಮಾನಿಸಿ, ಸನದಿನ ಅಮಾನತನ್ನು ವಿಧಿಸಿತು. ಕೆಲಸವು ಮುಗಿದ ಮಾತ್ರಕ್ಕೆ ರಹಸ್ಯದ ಹೊಣೆಯೂ ಮುಗಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಪ್ರಕರಣವು ಇದನ್ನು ಸ್ಪಷ್ಟಪಡಿಸಿದೆ.

ನಿಯಮವನ್ನು ಪಾಲಿಸುವ ಮನಸ್ಸಿದ್ದರೂ ಸಾಲದು, ನೆನಪೂ ಇರಬೇಕು. ಒಬ್ಬರೇ ವಕೀಲರು ಊರಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಅವರ ಸ್ಮರಣೆಯೇ ಸಾಕಾಗುತ್ತಿತ್ತು. ಇಂದು ಒಂದೊಂದು ಕಚೇರಿಯಲ್ಲಿ ಹತ್ತು, ನೂರು ಮಂದಿ ವಕೀಲರಿರುವರು. ಮೇಲಂತಸ್ತಿನವರು ಯಾರಿಗೆ ಏನು ಬರೆದುಕೊಟ್ಟರೆಂಬುದು ಕೆಳಗಿನವರಿಗೆ ತಿಳಿಯದು. ಅಮೆರಿಕದ ವಕೀಲರ ಸಂಘವು 1983ರಲ್ಲಿ ಅಂಗೀಕರಿಸಿದ ಮಾದರಿ ನಿಯಮಗಳಿಗೆ ಬರೆದಿರುವ ವಿವರಣೆಯಲ್ಲಿ ಇದಕ್ಕೊಂದು ಉತ್ತರವಿದೆ. ಪ್ರತಿಯೊಂದು ಕಚೇರಿಯೂ ತನ್ನ ಗಾತ್ರಕ್ಕೆ ತಕ್ಕ ಪರೀಕ್ಷಾಕ್ರಮವನ್ನು ಇಟ್ಟುಕೊಳ್ಳತಕ್ಕದ್ದು. ಅಂಥ ಕ್ರಮವಿಲ್ಲದೆ ಹುಟ್ಟಿದ ಅಜ್ಞಾನವು ತಪ್ಪಿಗೆ ನೆಪವಾಗಲಾರದು.

ಈ ಕ್ರಮವನ್ನೇ ಈಗ ಸಾಫ್ಟ್‌ವೇರ್ ನಡೆಸಿಕೊಡುತ್ತದೆ. ವಕೀಲರ ಕಡತಗಳು, ವಾಯಿದೆಯ ದಿನಗಳು, ಫೀಜಿನ ಲೆಕ್ಕ ಇವನ್ನೆಲ್ಲ ಒಂದೆಡೆ ಇಡುವ ಇಂಥ ವ್ಯವಸ್ಥೆಗಳು ಹಲವಿವೆ. ಕೆನಡಾ ದೇಶದಲ್ಲಿ 2008ರಲ್ಲಿ ಹೊರಬಂದ ಕ್ಲಿಯೊ ಎಂಬುದು ಅವುಗಳಲ್ಲಿ ಹೆಸರಾದದ್ದು. ಬೆಂಗಳೂರಿನಲ್ಲಿ ವಕೀಲರಾಗಿರುವ ನಮ್ಮ ಹಳೆಯ ಶಿಷ್ಯರೊಬ್ಬರು ತಮ್ಮ ಕಚೇರಿಯಲ್ಲಿ ಈ ಕೆಲಸವು ಹೇಗೆ ನಡೆಯುವುದೆಂದು ನಮ್ಮನ್ನು ಕುಳ್ಳಿರಿಸಿಕೊಂಡು ತೋರಿಸಿದರು. ಹೊಸಬರು ಬಂದೊಡನೆ ಅವರ ಕಥೆಯನ್ನು ಕೇಳುವುದಿಲ್ಲ. ಮೊದಲು ಹೆಸರುಗಳನ್ನು ಮಾತ್ರ ಕೇಳುತ್ತಾರೆ. ಬಂದವರ ಹೆಸರು, ಎದುರುಪಕ್ಷದವರ ಹೆಸರು, ಅವರ ಪತಿಪತ್ನಿಯರು, ವಾರಸುದಾರರು, ಜಾಮೀನುದಾರರು, ವ್ಯಾಪಾರವಿದ್ದರೆ ಪಾಲುದಾರರು, ಸಾಕ್ಷಿಗಳಾಗಬಹುದಾದವರು, ಎಲ್ಲರನ್ನೂ ಬರೆದುಕೊಂಡು ಕಂಪ್ಯೂಟರಿಗೆ ಕೊಟ್ಟರೆ, ಅದು ಕಚೇರಿಯ ಹಿಂದಿನ ಸಮಸ್ತ ದಾಖಲೆಗಳನ್ನು ಕ್ಷಣಮಾತ್ರದಲ್ಲಿ ಶೋಧಿಸಿ, ಆ ಹೆಸರು ಎಲ್ಲೆಲ್ಲಿ ಯಾವ ಪಾತ್ರದಲ್ಲಿ ಬಂದಿದೆಯೆಂದು ಪಟ್ಟಿಯನ್ನು ಮುಂದಿಡುತ್ತದೆ. ಹುಡುಕಿದವರು ಯಾರು, ಯಾವ ದಿನ, ಕಂಡದ್ದೇನು, ತೀರ್ಮಾನವೇನು ಎಂಬುದೂ ದಾಖಲಾಗುತ್ತದೆ. ದಾವೆಯ ನಡುವೆ ಹೊಸ ಪ್ರತಿವಾದಿ ಸೇರಿದರೆ ಶೋಧವು ಮತ್ತೊಮ್ಮೆ ನಡೆಯಬೇಕು. ಬಂದು ಮಾತನಾಡಿ ಹಿಂದಿರುಗಿದವರ ಹೆಸರನ್ನೂ ಬಿಡುವಂತಿಲ್ಲ. ನಮ್ಮ ತಂಗಿಯಂತೆ ಅವರೂ ತಮ್ಮ ಗುಟ್ಟನ್ನು ಅಲ್ಲಿ ಬಿಟ್ಟುಹೋಗಿರುತ್ತಾರೆ.

ನಮಗೆ ಹೆಚ್ಚಿನ ಕುತೂಹಲವನ್ನುಂಟುಮಾಡಿದ್ದು ಹೆಸರಿನ ಕಾಗುಣಿತದ ಪ್ರಶ್ನೆ. ನಮ್ಮ ಹೆಸರುಗಳನ್ನು ಆಂಗ್ಲ ಲಿಪಿಯಲ್ಲಿ ಬರೆಯುವಾಗ 'ಲಕ್ಷ್ಮಿ'ಯ ನಡುವೆ ಒಬ್ಬರು 'ಎಕ್ಸ್' ಅಕ್ಷರವನ್ನಿಡುತ್ತಾರೆ, ಇನ್ನೊಬ್ಬರು 'ಕೆ ಎಸ್ ಎಚ್' ಎಂದು ಮೂರಕ್ಷರಗಳನ್ನಿಡುತ್ತಾರೆ. ಅಕ್ಷರವನ್ನೇ ನೋಡುವ ಯಂತ್ರಕ್ಕೆ ಇವರು ಇಬ್ಬರು ಬೇರೆ ಹೆಂಗಸರು. ಈ ತೊಡಕಿಗೆ 1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಎಂಬಾತನು ಪೇಟೆಂಟ್ ಪಡೆದ ಉಪಾಯವೊಂದು ಸೌಂಡೆಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಹೆಸರಿನ ಮೊದಲಕ್ಷರವನ್ನು ಹಾಗೆಯೇ ಉಳಿಸಿಕೊಂಡು, ಸ್ವರಗಳನ್ನು ತೆಗೆದುಹಾಕಿ, ಉಳಿದ ವ್ಯಂಜನಗಳಿಗೆ ಧ್ವನಿಯನ್ನನುಸರಿಸಿ ಆರು ಅಂಕಿಗಳಲ್ಲಿ ಒಂದನ್ನು ಕೊಡುವುದು ಅದರ ಕ್ರಮ. ಪ, ಬ, ಫ, ವ ಧ್ವನಿಗಳ ಅಕ್ಷರಗಳಿಗೆ ಒಂದಂಕಿ. ತ, ದ ಧ್ವನಿಗಳಿಗೆ ಇನ್ನೊಂದು. ಮ, ನ ಧ್ವನಿಗಳಿಗೆ ಮತ್ತೊಂದು. ಉಚ್ಚಾರಣಸ್ಥಾನವನ್ನು ನೋಡಿ ಅಕ್ಷರಗಳನ್ನು ಕವರ್ಗ, ತವರ್ಗ, ಪವರ್ಗಗಳಾಗಿ ಜೋಡಿಸಿಟ್ಟ ನಮ್ಮ ವರ್ಣಮಾಲೆಯನ್ನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ನಮಗೆ, ಹಳೆಯ ಮಿತ್ರನನ್ನು ಪರದೇಶದ ಉಡುಪಿನಲ್ಲಿ ಕಂಡಂತಾಯಿತು.

ಈ ಕ್ರಮದಲ್ಲಿ ಎರಡು ಬಗೆಯ ಲಕ್ಷ್ಮಿಯರೂ ಒಬ್ಬರೇ ಆಗುತ್ತಾರೆ; ಶ್ರೀನಿವಾಸನನ್ನು ಹೇಗೆ ಬರೆದರೂ ಸಾಮಾನ್ಯವಾಗಿ ಅವನು ಸಿಕ್ಕಿಬೀಳುತ್ತಾನೆ. ಆದರೆ ರಾಮ, ರಾಣಿ ಎಂಬ ಹೆಸರುಗಳಿಗೂ ಒಂದೇ ಗುರುತು ಬೀಳುತ್ತದೆ. ಆದುದರಿಂದ ಬೇಡವಾದ ಹೆಸರುಗಳು ರಾಶಿಯಾಗಿ ಬರುವುದುಂಟು. ನಿತ್ಯವೂ ಸುಳ್ಳು ಎಚ್ಚರಿಕೆಗಳನ್ನೇ ನೋಡಿ ಬೇಸತ್ತ ಗುಮಾಸ್ತನು ಒಂದು ದಿನ ನಿಜವಾದುದನ್ನೂ ಸುಳ್ಳೆಂದು ತಳ್ಳಿಬಿಡಬಹುದು. ಇನ್ನೊಂದು ಕಡೆ ಮೊದಲಕ್ಷರವು ಬದಲಾಗುವಂತಿಲ್ಲವಾದ್ದರಿಂದ ಎಲ್ಲಪ್ಪನು ಯಲ್ಲಪ್ಪನಿಗೆ ಅಪರಿಚಿತನಾಗಿಯೇ ಉಳಿಯುತ್ತಾನೆ. ನಮ್ಮ ತಂಗಿಯನ್ನು ಕೆಡಿಸಿದ ತೊಡಕು ಇದೇ ಜಾತಿಯದು. ಆದುದರಿಂದ ಒಳ್ಳೆಯ ಕಚೇರಿಗಳು ಒಂದೇ ಉಪಾಯವನ್ನು ನಂಬದೆ, ಒಬ್ಬೊಬ್ಬರ ಹೆಸರಿನ ಎಲ್ಲ ರೂಪಗಳನ್ನೂ ಜೊತೆಗೆ ನಮೂದಿಸಿಕೊಳ್ಳುತ್ತವೆ. ನ್ಯಾಯಾಲಯಗಳ ದಾಖಲೆಯಲ್ಲಿ ಕಕ್ಷಿಗಳ ಹೆಸರು ಈಗ ಸಾರ್ವಜನಿಕವಾಗಿ ಸಿಕ್ಕುತ್ತದೆಯಲ್ಲಾ ಎಂದು ಯಾರಾದರೂ ಕೇಳಬಹುದು. ಕೋರ್ಟಿನ ಮೆಟ್ಟಿಲನ್ನು ಹತ್ತದೆ ಸಲಹೆ, ಕರಾರು, ಉಯಿಲುಗಳಲ್ಲಿಯೇ ಮುಗಿದ ಕೆಲಸವು ಆ ದಾಖಲೆಯಲ್ಲಿರುವುದಿಲ್ಲ; ಅದನ್ನು ಬಲ್ಲುದು ಕಚೇರಿಯ ಸ್ವಂತ ದಫ್ತರವೊಂದೇ.

ಹೆಸರು ಸಿಕ್ಕಿತೆಂದ ಮಾತ್ರಕ್ಕೆ ವಿರೋಧವಿದೆಯೆಂದಲ್ಲ. ಹತ್ತು ವರ್ಷಗಳ ಹಿಂದೆ ಭಾವನವರು ಒಂದು ಬಾಡಿಗೆಪತ್ರವನ್ನು ಬರೆಸಿಕೊಂಡಿದ್ದರೆ ಅದು ಬೇರೆ, ಅದೇ ಜಮೀನಿನ ಕರಾರನ್ನು ಬರೆಸಿಕೊಂಡಿದ್ದರೆ ಅದು ಬೇರೆ. ಈ ತಾರತಮ್ಯವನ್ನು ಯಂತ್ರವು ಮಾಡಲಾರದು, ಅನುಭವಸ್ಥರಾದ ವಕೀಲರೇ ಮಾಡಬೇಕು. ಒಂದೇ ಕಚೇರಿಯೊಳಗೆ ಇಬ್ಬರ ನಡುವೆ ಗೋಡೆಯನ್ನು ಕಟ್ಟಿದಂತೆ ನಟಿಸುವುದೂ ಸುಲಭವಲ್ಲ. 1998ರಲ್ಲಿ ಬ್ರುನೈ ದೇಶದ ರಾಜಕುಮಾರ ಜೆಫ್ರಿಯವರು ಕೆ.ಪಿ.ಎಂ.ಜಿ. ಎಂಬ ಲೆಕ್ಕಪರಿಶೋಧಕರ ಸಂಸ್ಥೆಯನ್ನು ಇಂಗ್ಲೆಂಡಿನ ನ್ಯಾಯಾಲಯಕ್ಕೆ ಎಳೆದರು. ತಮ್ಮ ಖಾಸಗಿ ವ್ಯಾಜ್ಯದಲ್ಲಿ ನೆರವಾಗಿದ್ದ ಆ ಸಂಸ್ಥೆಯೇ ತಮಗೆ ಪ್ರತಿಕೂಲವಾಗಬಹುದಾದ ತನಿಖೆಯನ್ನು ವಹಿಸಿಕೊಂಡಿತೆಂಬುದು ಅವರ ದೂರು. ಬೇರೆ ಬೇರೆ ಸಿಬ್ಬಂದಿಯನ್ನು ನೇಮಿಸಿದ್ದೇವೆಂಬ ಸಮಾಧಾನವು ಅಲ್ಲಿಯ ಹೌಸ್ ಆಫ್ ಲಾರ್ಡ್ಸ್‌ಗೆ ಒಪ್ಪಿಗೆಯಾಗಲಿಲ್ಲ. ರಹಸ್ಯವು ಸೋರುವ ನಿಜವಾದ ಅಪಾಯವಿಲ್ಲವೆಂದು ತೋರಿಸುವ ಭಾರವು ಅದನ್ನು ಇಟ್ಟುಕೊಂಡವರದೇ ಎಂದೂ, ಅವಸರದಲ್ಲಿ ಎಬ್ಬಿಸಿದ ಗೋಡೆಯು ಸಾಲದೆಂದೂ ತೀರ್ಪಾಯಿತು.

ಗೃಹಸ್ಥರಿಗೆ ಇದರಿಂದ ಆಗತಕ್ಕ ಪ್ರಯೋಜನವೇನು? 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲುಂಟೆಂದು ಕಾನೂನಾಗಿದೆ. ಅಣ್ಣತಂಗಿಯರು ಎದುರುಬದುರು ನಿಲ್ಲಬೇಕಾದಾಗ ಇಬ್ಬರೂ ಓಡುವುದು ತಂದೆಯ ಕಾಲದಿಂದ ಮನೆಯ ಕ್ರಯಪತ್ರಗಳನ್ನು ಬರೆದುಕೊಟ್ಟ ಅದೇ ವಕೀಲರಲ್ಲಿಗೆ. "ಅವರು ನಮ್ಮವರೇ" ಎಂಬ ಭರವಸೆಯು ಆ ಹೊತ್ತಿನಲ್ಲಿ ಅಪಾಯಕರವಾದುದು. ಅವರು ಯಾರವರೆಂಬುದೇ ಆಗ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ.

ಆದುದರಿಂದ ವಕೀಲರಲ್ಲಿಗೆ ಹೊರಡುವ ಮುನ್ನ ಒಂದು ಹಾಳೆಯ ಮೇಲೆ ಹೆಸರುಗಳನ್ನು ಬರೆದುಕೊಳ್ಳಿರಿ. ಪಹಣಿಯಲ್ಲಿ 'ಬಿನ್' ಎಂದೂ 'ಕೋಂ' ಎಂದೂ ಇರುವ ತಂದೆಯ, ಗಂಡನ ಹೆಸರುಗಳು. ಹೆಣ್ಣುಮಕ್ಕಳಿಗೆ ತವರಿನಲ್ಲಿದ್ದ ಹೆಸರು ಮತ್ತು ಮದುವೆಯ ತರುವಾಯದ ಹೆಸರು. 'ಉರುಫ್' ಎಂದು ಊರಿನವರು ಕರೆಯುವ ಹೆಸರು. ಮನೆತನದ ಹೆಸರು, ಇನಿಷಿಯಲ್ಲು, ಗ್ರಾಮ. ಆಧಾರ್ ಚೀಟಿಯಲ್ಲೂ ಬ್ಯಾಂಕಿನ ಪುಸ್ತಕದಲ್ಲೂ ಕಾಗುಣಿತ ಬೇರೆಯಾಗಿದ್ದರೆ ಎರಡೂ. ಎದುರುಪಕ್ಷದವರ ವಿಷಯದಲ್ಲಿಯೂ ತಿಳಿದಷ್ಟು ಇದೇ ರೀತಿ. ಆ ಹಾಳೆಯನ್ನು ಮೊದಲು ಕೊಟ್ಟು, "ಇವರ ಕೆಲಸವನ್ನು ತಮ್ಮ ಕಚೇರಿಯಲ್ಲಿ ಯಾರಾದರೂ ಎಂದಾದರೂ ಮಾಡಿದ್ದುಂಟೇ? ದಯವಿಟ್ಟು ನೋಡಿ ಹೇಳಬೇಕು" ಎಂದು ಕೇಳಿರಿ. ಉತ್ತರವು ಬರುವವರೆಗೆ ಕಾಗದಗಳು ಚೀಲದಲ್ಲಿಯೇ ಇರಲಿ, ಮನಸ್ಸಿನಲ್ಲಿರುವ ಮೊತ್ತವು ಮನಸ್ಸಿನಲ್ಲಿಯೇ ಇರಲಿ. ಯೋಗ್ಯರಾದ ವಕೀಲರು ಈ ಪ್ರಶ್ನೆಗೆ ಕೋಪಿಸಿಕೊಳ್ಳುವುದಿಲ್ಲ. ತಂಗಿಯ ಎರಡನೆಯ ವಕೀಲರು ನಾವು ಕೇಳುವುದಕ್ಕೆ ಮೊದಲೇ, "ತಾಯಿ, ಕಥೆಯನ್ನು ನಾಳೆ ಹೇಳುವಿರಂತೆ, ಇವತ್ತು ಹೆಸರುಗಳನ್ನಷ್ಟೇ ಬರೆಸಿ ಹೋಗಿ" ಎಂದಿದ್ದರು. ಆ ದಿನ ಅದು ನಮಗೆ ಉಪೇಕ್ಷೆಯಂತೆ ತೋರಿತು. ಅವರು ತೋರಿಸಿದ್ದು ಗೌರವವೆಂದು ಈಗ ತಿಳಿದಿದೆ.