ಪರನಾಡಿನ ಪಟ್ಟಣದಲ್ಲಿ ಮೊದಲ ದಿನ

ರೋಣ, ನರಗುಂದ, ಗಜೇಂದ್ರಗಡಗಳ ಎರೆಯ ಸೀಮೆಯವರಿಗೆ ಪ್ರವಾಸವೆಂದರೆ ಬಹುಕಾಲದವರೆಗೆ ಪಂಢರಪುರ, ಶ್ರೀಶೈಲ, ಹೆಚ್ಚೆಂದರೆ ಕಾಶಿ ಎಂದಷ್ಟೇ ಅರ್ಥವಿತ್ತು. ಈಗಲಾದರೋ ಶಾಲೆಗೆ ಬೇಸಗೆಯ ಬಿಡುವು ದೊರೆತೊಡನೆ ಮಕ್ಕಳು ಪರದೇಶದ ಮಾತನ್ನೇ ಎತ್ತುವರು. ಮೊದಲ ಸಲ ಕುಟುಂಬಸಮೇತರಾಗಿ ಪರರಾಷ್ಟ್ರಕ್ಕೆ ಹೊರಡುವ ಗೃಹಸ್ಥರಿಗೆ ನೇಪಾಳದ ಕಾಠಮಾಂಡುವು ಬಲು ಅನುಕೂಲವಾದ ಪಟ್ಟಣವೆಂಬದು ನಮ್ಮ ಅಭಿಪ್ರಾಯ. ನಾವು ಹೊರಟಾಗ ಮನೆಯವರು, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು ಇವರಲ್ಲದೆ ಎಪ್ಪತ್ತಾರು ವರ್ಷದ ನಮ್ಮ ಅಕ್ಕನವರೂ ಜೊತೆಗಿದ್ದರು. ಪಶುಪತಿಯ ದರ್ಶನದ ಹಂಬಲವು ಅವರದಾಗಿತ್ತು.

ಮೊದಲು ಕಾಗದಪತ್ರಗಳ ಮಾತು. ಭಾರತೀಯರು ವಿಮಾನದಿಂದ ನೇಪಾಳಕ್ಕೆ ಹೋಗಲು ಪಾಸ್‌ಪೋರ್ಟಾದರೂ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿಯಾದರೂ ಇರತಕ್ಕದ್ದು. ಎಲ್ಲೆಡೆಯಲ್ಲಿಯೂ ನಡೆಯುವ ಆಧಾರ ಚೀಟಿಯೊಂದೇ ಇಲ್ಲಿ ಸಾಲದು. 15 ವರ್ಷದೊಳಗಿನ ಮಕ್ಕಳಿಗೂ 65 ದಾಟಿದ ವೃದ್ಧರಿಗೂ ಮಾತ್ರ ಈ ವಿಷಯದಲ್ಲಿ ರಿಯಾಯತಿಯುಂಟು. ಮನೆಯ ಸೊಸೆಯಂದಿರ ಮತದಾರರ ಚೀಟಿಯು ತವರೂರಿನ ವಿಳಾಸದಲ್ಲಿಯೇ ಉಳಿದು ಎಲ್ಲಿಯೋ ಪೆಟ್ಟಿಗೆಯ ತಳ ಸೇರಿರುವದುಂಟು. ಆದಕಾರಣ ಟಿಕೀಟು ಕೊಳ್ಳುವ ಮುನ್ನವೇ ಎಲ್ಲರ ಚೀಟಿಗಳನ್ನು ಹುಡುಕಿ ಒಂದೆಡೆ ಇಡುವದು ಲೇಸು.

ದಿಲ್ಲಿಯಿಂದ ಒಂದೂವರೆ ತಾಸಿನ ಹಾರಾಟದ ತರುವಾಯ ತ್ರಿಭುವನ ವಿಮಾನನಿಲ್ದಾಣದಲ್ಲಿ ಇಳಿದೆವು. ಗೋಡೆಯ ಫಲಕಗಳೆಲ್ಲ ನಾಗರಿ ಲಿಪಿಯಲ್ಲಿದ್ದವು. ಪರದೇಶದವರ ಚೀಟಿ ನೋಡುವ ಕಚೇರಿಗೆ ಅಲ್ಲಿ ‘ಅಧ್ಯಾಗಮನ’ವೆಂದು ಹೆಸರು, ನಿಲ್ದಾಣಕ್ಕೆ ‘ವಿಮಾನಸ್ಥಲ’. ಸಂಸ್ಕೃತ ಬಲ್ಲವರಿಗೆ ಇದರಿಂದ ಎಷ್ಟು ಸಂತೋಷವೋ ಅಷ್ಟೇ ಮೋಸವೂ ಉಂಟು. ಅಲ್ಲಿ ‘ಸಂಸಾರ’ವೆಂದರೆ ಜಗತ್ತು, ‘ಉಪನ್ಯಾಸ’ವೆಂದರೆ ಕಾದಂಬರಿ, ‘ಶಿಕ್ಷಾ’ ಎಂಬದು ವಿದ್ಯಾಭ್ಯಾಸ. ಈ ಕೊನೆಯ ಮಾತನ್ನು ಕೇಳಿ ನಮ್ಮ ಮೊಮ್ಮಗಳು, ‘ಅಜ್ಜಾ, ನಮ್ಮ ಸಾಲ್ಯಾಗೂ ಎರಡೂ ಒಂದೇ ಅದಾವ’ ಎಂದು ನಕ್ಕಳು. ನಾವು ಮೂವತ್ತು ವರ್ಷ ಕಲಿಸಿದವರು. ಏನೂ ಆಡದೆ ಮುಂದೆ ನಡೆದೆವು.

ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುವಬೇಕಾಯಿತು. ಹೀಗೇಕೆಂಬದನ್ನು ಮಕ್ಕಳಿಗೆ ಸ್ಥಳದಲ್ಲಿಯೇ ತಿಳಿಸಬಹುದು. ನಮ್ಮ ದೇಶದ ವೇಳೆಯು 82 ಅಂಶ 30 ಕಲೆಗಳ ಪೂರ್ವ ರೇಖಾಂಶವನ್ನು ಅನುಸರಿಸಿದ್ದು. ನೇಪಾಳದವರು 1986ರಿಂದ ಗೌರೀಶಂಕರ ಶಿಖರದ ಹತ್ತಿರ ಹಾಯುವ 86 ಅಂಶ 15 ಕಲೆಗಳ ರೇಖೆಯನ್ನು ಹಿಡಿದಿರುವರು. ಅಂಶವೊಂದಕ್ಕೆ 4 ನಿಮಿಷದಂತೆ ಲೆಕ್ಕ ಹಾಕಿದರೆ ವ್ಯತ್ಯಾಸವು ಸರಿಯಾಗಿ 15 ನಿಮಿಷ. ಇಸವಿಯೂ ಬೇರೆ. ಅಲ್ಲಿಯ ಸರಕಾರದ ವ್ಯವಹಾರವೆಲ್ಲ ವಿಕ್ರಮ ಸಂವತ್ಸರದಲ್ಲಿ. ಅದು ನಮ್ಮ ಪಂಚಾಂಗದ ಶಾಲಿವಾಹನ ಶಕೆಗಿಂತ 135 ವರ್ಷ ಮುಂದೆ. ಹಣದ ಮಾತಿಗೆ ಬಂದರೆ, ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿಗಳು. 1993ರಿಂದ ಈ ದರವು ಬದಲಾಗಿಲ್ಲ. ಅಂಗಡಿಯವನು ಬೆಲೆ ಹೇಳಿದಾಗ ‘ಐಸಿಯೋ ಎನ್‌ಸಿಯೋ’ ಎಂದು, ಅಂದರೆ ಭಾರತದ ರೂಪಾಯಿಯೋ ನೇಪಾಳದ್ದೋ ಎಂದು, ಕೇಳದೆ ಕೊಡಬಾರದು.

ಬಿಡಾರವನ್ನು ಸೇರಿದ ಮೇಲೆ ಅಕ್ಕನವರ ಮುಖವು ಬಾಡಿತು. ಅವರು ಹುಟ್ಟಿದಾರಭ್ಯ ಕನ್ನಡವನ್ನು ಬಿಟ್ಟು ಬೇರೆ ಮಾತನ್ನು ಆಡಿದವರಲ್ಲ. ‘ತಮ್ಮಾ, ಇಲ್ಲಿ ನಾ ತಪ್ಪಿಸಿಕೊಂಡ್ರ ಯಾರನ್ನ ಕೇಳ್ಲಿ? ನನ್ನ ಮಾತು ಒಬ್ಬರಿಗೂ ತಿಳಿಯೂದಿಲ್ಲ. ನೀವು ಅಡ್ಡ್ಯಾಡಿ ಬರ್ರಿ, ನಾ ಖೋಲ್ಯಾಗ ಕೂಡತೀನಿ’ ಎಂದರು. ಊಟವನ್ನೂ ಮಾಡಲೊಲ್ಲರು. ಇಷ್ಟು ದೂರ ಕರೆತಂದು ಖೋಲಿಯಲ್ಲಿ ಕೂಡಿಸಿ ಹೋಗುವದೆಂತು? ನಾವು ಮೊಮ್ಮಗಳಿಗೆ ಒಂದು ಕೆಲಸ ಹೇಳಿದೆವು. ಶಾಲೆಯಲ್ಲಿ ಕಲಿತ ನಾಗರಿ ಅಕ್ಷರಗಳಲ್ಲಿ ಬಿಡಾರದ ಹೆಸರು, ಓಣಿ, ಮಗನ ದೂರವಾಣಿಯ ಅಂಕೆ ಇವುಗಳನ್ನು ಚೀಟಿಯಲ್ಲಿ ಬರೆದು ಅವಳು ಅಜ್ಜಿಯ ಸೆರಗಿನ ತುದಿಗೆ ಗಂಟು ಹಾಕಿದಳು. ಆ ದಿನ ಎಲ್ಲಿಯೂ ಅಡ್ಡಾಡದೆ ಎಲ್ಲರೂ ಬೇಗ ಮಲಗಿದೆವು. ಪಟ್ಟಣವು ಸುಮಾರು 1,350 ಮೀಟರು ಎತ್ತರದಲ್ಲಿರುವದರಿಂದ ಬೇಸಗೆಯಲ್ಲಿಯೂ ಇರುಳು ಶಾಲು ಬೇಕೆನಿಸುತ್ತದೆ.

ಮರುದಿನ ಬೆಳಗಿನಲ್ಲಿ ಪಶುಪತಿನಾಥನ ಪಶ್ಚಿಮದ್ವಾರಕ್ಕೆ ಹೋದೆವು. ಬಂಗಾರದ ಮೆರುಗಿನ ಎರಡು ಅಂತಸ್ತಿನ ಛಾವಣಿ, ಬೆಳ್ಳಿಯ ಬಾಗಿಲುಗಳು, ಎದುರಿಗೆ ಮಹಾನಂದಿ, ಆಚೆಗೆ ಬಾಗಮತಿಯ ದಡದಲ್ಲಿ ಚಿತೆಗಳ ಹೊಗೆ. 2015ರ ಎಪ್ರಿಲ್ 25ರ ಭೂಕಂಪದಲ್ಲಿ ಪಟ್ಟಣದ ಧರಹರಾ ಗೋಪುರವು ಉರುಳಿದರೂ ಈ ಮೂಲದೇಗುಲವು ನಿಂತಿತು. ಸಾಲು ಸರಿಯುವಾಗ ಜನರ ನೂಕಿನಲ್ಲಿ ಅಕ್ಕನವರು ಕಾಣದಾದರು. ಅರ್ಧ ತಾಸು ನಾವು ಪಟ್ಟ ಸಂಕಟವನ್ನು ಏನೆಂದು ಬರೆಯೋಣ! ಮಗನ ದೂರವಾಣಿಯು ಬಾರಿಸಿತು. ಹೂವು ಮಾರುವ ಹೆಣ್ಣುಮಗಳೊಬ್ಬಳು ಅವರ ಸೆರಗಿನ ಚೀಟಿಯನ್ನು ಬಿಚ್ಚಿ ಓದಿ ಸುದ್ದಿ ಮುಟ್ಟಿಸಿದ್ದಳು. ಹೋಗಿ ನೋಡಿದರೆ ಅಕ್ಕನವರು ಅವಳ ಪಕ್ಕದಲ್ಲಿ ಕುಳಿತು ಮಾಲೆ ಕಟ್ಟುತ್ತಿದ್ದರು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ನೇಪಾಳಿಯಲ್ಲಿ ಮಾತಾಡುತ್ತಲೇ ಇದ್ದರು.

ಈ ಗುಡಿಯಲ್ಲಿ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರವು ಭಟ್ಟರೆನಿಸುವ ದಾಕ್ಷಿಣಾತ್ಯ ಅರ್ಚಕರಿಗಿರುವದು. ಅವರು ಕರ್ನಾಟಕದಿಂದ ಹೋದವರು. 2008ರ ಕೊನೆಗೆ ಸರಕಾರವು ಅವರನ್ನು ಬದಲಿಸಹೋಗಿ, ಜನರ ಪ್ರತಿಭಟನೆಯಿಂದ 2009ರ ಜನವರಿಯಲ್ಲಿ ಹಿಂದೆಗೆಯಬೇಕಾಯಿತು. ಇದನ್ನು ತಿಳಿಸಿದಾಗ ಅಕ್ಕನವರು, ‘ಹಂಗಾದ್ರ ನಮ್ಮವರ ಮನೀಗೇ ಬಂದಂಗಾತು’ ಎಂದರು.

ಸಂಬಂಧವು ಇನ್ನೂ ಹಳೆಯದು. ಗಜೇಂದ್ರಗಡದ ನೆರೆಯ ಸೂಡಿಯು ಚಾಲುಕ್ಯರ ಕಾಲದಲ್ಲಿ ಕಾಳಾಮುಖ ಶೈವಾಚಾರ್ಯರ ನೆಲೆಯಾಗಿತ್ತು. ಕ್ರಿ. ಶ. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ವಂಶಕ್ಕೆ ಕರ್ಣಾಟವಂಶವೆಂದೇ ಹೆಸರು. ಅವರ ರಾಜಧಾನಿ ಸಿಮ್ರೌನಗಡವು ಈಗ ನೇಪಾಳದಲ್ಲಿದೆ. ನರಗುಂದದವರಿಗೆ ಬೇರೊಂದು ನೆನಪು. ಬಾಬಾಸಾಹೇಬರನ್ನು ಆಂಗ್ಲರು 1858ರ ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ದಂಗೆಯ ಬೇಗಂ ಹಜರತ್ ಮಹಲ್ ಲಖನೌವನ್ನು ಬಿಟ್ಟು ನೇಪಾಳದಲ್ಲಿ ಆಶ್ರಯ ಪಡೆದು 1879ರಲ್ಲಿ ಕಾಠಮಾಂಡುವಿನಲ್ಲಿಯೇ ತೀರಿಕೊಂಡಳು. ಅವಳ ಗೋರಿಯು ಅಲ್ಲಿಯ ಜಾಮೀ ಮಸೀದಿಯ ಬಳಿಯಲ್ಲಿದೆ.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ: ಹಿರಿಯರನ್ನು ಮನೆಗಾವಲಿಗೆ ಬಿಟ್ಟು ಹೋಗಬೇಡಿರಿ. ಅವರಿಗೆ ಮೊದಲ ದಿನ ಪೂರ್ತಿ ವಿಶ್ರಾಂತಿ ಕೊಡಿರಿ, ದಿನವಹಿ ತೆಗೆದುಕೊಳ್ಳುವ ಔಷಧವನ್ನು ಕೈಚೀಲದಲ್ಲಿಯೇ ಇಡಿರಿ. ಅಲ್ಲಿಯ ಲಿಪಿಯಲ್ಲಿ ವಿಳಾಸ ಬರೆದ ಚೀಟಿಯನ್ನು ಪ್ರತಿಯೊಬ್ಬರ ಬಳಿಯಲ್ಲಿಯೂ ಇರಿಸಿರಿ. ಅದನ್ನು ಬರೆಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅವರಿಗೆ ಪಾಠವೂ ಆಗುವದು, ಹೊಣೆಯೂ ತಿಳಿಯುವದು.