ಸೋಮನಾಥಪುರದ ನಕ್ಷತ್ರ, ಪ್ಲಾಟರಿನ ಪೆನ್ನು

ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಗುಡಿಗೆ ಹೋದವರು ವೇಣುಗೋಪಾಲನ ಮುಂದೆ ನಿಂತು, ಶಿಲ್ಪಿ ಮಲ್ಲಿತಮ್ಮನ ಕುಸುರಿಗೆ ಬೆರಗಾಗಿ ಮರಳುತ್ತಾರೆ. ಮುಂದಿನ ಸಲ ಜಗತಿ ಕಟ್ಟೆಯ ಮೇಲೆ ಹಿಂಬದಿಗೆ ಹೋಗಿ, ಹೊರಗೋಡೆಯ ಮೂಲೆಗಳನ್ನು ಗಮನಿಸಿ. ಮೂರೂ ಗರ್ಭಗುಡಿಗಳ ತಳವಿನ್ಯಾಸ 16 ಮೊನೆಗಳ ನಕ್ಷತ್ರ. ಒಂದು ಚೌಕ ಬರೆದು, ನಡುಬಿಂದು ಕದಲದಂತೆ 22.5 ಡಿಗ್ರಿ ತಿರುಗಿಸಿ ಮತ್ತೆ ಬರೆಯಿರಿ. ಹೀಗೇ ಮಾಡುತ್ತ ಹೋದರೆ ನಾಲ್ಕನೇ ಚೌಕಕ್ಕೆ 16 ಮೊನೆಗಳೂ ಮೂಡಿರುತ್ತವೆ. 13ನೇ ಶತಮಾನದ ಈ ಗೋಡೆಗಳ ಲೆಕ್ಕವನ್ನು ಇವತ್ತು ಕಂಪ್ಯೂಟರಿಗೆ ಹೇಳಿಕೊಡಲು ನಾಲ್ಕೈದು ಸಾಲಿನ ಕೋಡ್ ಸಾಕು.

ಕೋಡ್ ಬರೆದು ಚಿತ್ರ ಮಾಡುವ ಕಲಾವಿದರು ಕುಂಚ ಹಿಡಿಯುವುದಿಲ್ಲ, ನಿಯಮ ಕಟ್ಟುತ್ತಾರೆ. ಪೆನ್ನು ಎತ್ತು, ಇಷ್ಟು ದೂರ ಸರಿ, ಇಳಿಸು, ಗೆರೆ ಎಳೆ: ಪ್ಲಾಟರ್ ಯಂತ್ರಕ್ಕೆ ತಿಳಿಯುವುದು ಇಷ್ಟೇ. 1965ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಗಿಯೊರ್ಗ್ ನೀಸ್ ಇಂಥ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ವೆರಾ ಮೊಲ್ನಾರ್ ಕಂಪ್ಯೂಟರ್ ಮುಟ್ಟಿದ್ದು 1968ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಆಕೆ ನಿಯಮಗಳನ್ನು ಬರೆದಿಟ್ಟುಕೊಂಡು, ತಾನೇ ಯಂತ್ರವೆಂಬಂತೆ ಕೈಯಿಂದ ಚಿತ್ರಿಸುತ್ತಿದ್ದರು. ಆಕೆಗೂ ಚೌಕವೆಂದರೆ ಪ್ರಾಣ. ಒಂದರೊಳಗೊಂದು ಚೌಕವಿಟ್ಟು, ಅಲ್ಲಲ್ಲಿ ಗೆರೆಯನ್ನು ತುಸು ಓರೆ ಮಾಡಿಬಿಡುತ್ತಿದ್ದರು. ಆ ಓರೆಯಲ್ಲೇ ಚಿತ್ರಕ್ಕೆ ಜೀವ ಬರುತ್ತಿತ್ತು.

ಕೈಯೇ ಯಂತ್ರವಾಗುವ ಈ ವಿದ್ಯೆ ನಂಜನಗೂಡಿನ ಹೆಣ್ಣುಮಕ್ಕಳಿಗೆ ಹೊಸದೇ? ‘ಹದಿನೈದರಿಂದ ಎಂಟು, ಸಂದು ಚುಕ್ಕಿ’ ಎಂದರೆ ಸಾಕು, ನಡುಸಾಲಿಗೆ 15 ಚುಕ್ಕಿ, ಎರಡೂ ಕಡೆ ಒಂದೊಂದೇ ಕಡಿಮೆಯಾಗುತ್ತ ಎಂಟಕ್ಕೆ ನಿಲ್ಲುವ ಸಾಲುಗಳು ಅಂಗಳದಲ್ಲಿ ತಾವಾಗಿ ಬೀಳುತ್ತವೆ. ಅಕ್ಕಪಕ್ಕದ ಮನೆಯವರು ಒಂದೇ ಚುಕ್ಕಿ ಲೆಕ್ಕದಿಂದ ಬೇರೆಬೇರೆ ರಂಗೋಲಿ ತೆಗೆಯುತ್ತಾರೆ. ತಮಿಳುನಾಡಿನ ಕೋಲಗಳ ಇಂಥ ನಿಯಮಗಳನ್ನು 1974ರಲ್ಲಿ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಕಂಪ್ಯೂಟರ್ ವಿಜ್ಞಾನದ ವ್ಯಾಕರಣವಾಗಿಯೇ ಬರೆದು ಪ್ರಕಟಿಸಿದರು.

ಯಂತ್ರ ಬರೆದದ್ದು ಕಲೆಯೇ ಎಂದು ಈಗಲೂ ಕೇಳುವವರಿದ್ದಾರೆ. ಯಾವ ನಿಯಮವನ್ನು ಆರಿಸಬೇಕು, ಎಲ್ಲಿ ಅದನ್ನು ಮೀರಬೇಕು ಎಂದು ಬಲ್ಲವರೇ ಕಲಾವಿದರು. ಗೆರೆ ಎಳೆಯುವುದು ಬೆರಳಾದರೇನು, ಮೋಟಾರಾದರೇನು? ಸೋಮನಾಥಪುರದಲ್ಲೂ ಅಷ್ಟೇ. ನಕ್ಷತ್ರದ ಕೋನ ತಪ್ಪುವುದಿಲ್ಲ. ಅದರ ಮುಖಗಳ ಮೇಲಿನ ದೇವರುಗಳು ಮಾತ್ರ ಒಬ್ಬರಂತೆ ಒಬ್ಬರಿಲ್ಲ.

2023ರಲ್ಲಿ ಯುನೆಸ್ಕೊ ಈ ಗುಡಿಯನ್ನು ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಂಜನಗೂಡು, ನರಸೀಪುರದ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಮೇಷ್ಟ್ರುಗಳೇ, ಲೂಪ್ ಪಾಠಕ್ಕೆ ಮಕ್ಕಳನ್ನು ಒಂದು ದಿನ ಅಲ್ಲಿಗೇ ಕರೆದುಕೊಂಡು ಹೋಗಿ.