ಹೊಲದಲ್ಲಿ ಹೂತಿರುವ ನಿಧಿ ಯಾರದು?

ಒಂದು ಭಾನುವಾರ ಪೂಜೆ ಮುಗಿದ ಮೇಲೆ ತಾಯಿಯೊಬ್ಬರು ನಮ್ಮ ಬಳಿಗೆ ಬಂದರು. "ಫಾದರ್, ಮಗ ಅದೇನೋ ಮಿಷನ್ ತರಿಸಿಕೊಂಡಿದ್ದಾನೆ. ರಜೆ ಬಂತೆಂದರೆ ಬೆಟ್ಟಗುಡ್ಡ ಸುತ್ತುತ್ತಾನೆ. ಊರವರು ನಿಧಿ ಅಗೆಯುತ್ತಾನೆ ಎಂದು ಆಡಿಕೊಳ್ಳುತ್ತಿದ್ದಾರೆ. ನೀವಾದರೂ ಒಂದು ಮಾತು ಹೇಳಿ" ಎಂದು ಕಣ್ಣೊರೆಸಿಕೊಂಡರು.

ಹುಡುಗನನ್ನು ಕರೆಸಿದೆವು. ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿಯುವ ಒಳ್ಳೆಯ ಯುವಕ. ಕುಡಿತವಿಲ್ಲ, ಇಸ್ಪೀಟಿಲ್ಲ. "ಇದೊಂದು ಹವ್ಯಾಸ ಫಾದರ್. ಇಂಗ್ಲೆಂಡಿನಲ್ಲಿ ಎಷ್ಟೋ ಜನ ಮಾಡುತ್ತಾರೆ. ನಾನು ಯಾರ ಮನೆಗೂ ಕನ್ನ ಹಾಕಿಲ್ಲ. ತಪ್ಪೇನಿದೆ?" ಎಂದು ಕೇಳಿದ. ಬಟ್ಟೆಯ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದ. ಕಪ್ಪಾದ ಎರಡು ತಾಮ್ರದ ನಾಣ್ಯ, ಮುರಿದ ಕುಡುಗೋಲಿನ ತುದಿ, ತುಕ್ಕು ಹಿಡಿದ ಕಬ್ಬಿಣದ ಚೂರುಗಳು. ಅವನ ಪ್ರಶ್ನೆಗೆ ಗದರಿಕೆ ಉತ್ತರವಲ್ಲ ಎನಿಸಿ, ನಾವೂ ಓದಿ ತಿಳಿದುಕೊಳ್ಳಲು ಹೊರಟೆವು.

ಮೆಟಲ್ ಡಿಟೆಕ್ಟರ್ ಎಂಬುದು ಮಾಯಾಯಂತ್ರವಲ್ಲ. ಅದರ ತಂತಿಯ ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಬಿಡುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಹರಿಯುತ್ತದೆ. ಯಂತ್ರ ಅದನ್ನು ಗ್ರಹಿಸಿ ಸದ್ದು ಮಾಡುತ್ತದೆ. ಹವ್ಯಾಸಿಗಳ ಯಂತ್ರ ಚಿಕ್ಕ ನಾಣ್ಯವನ್ನು ಸುಮಾರು ಒಂದು ಗೇಣು ಆಳದಲ್ಲಿ ಹುಡುಕಬಲ್ಲದು. ಆದರೆ ಆ ಲೋಹದ ಪಕ್ಕದಲ್ಲಿರುವ ಮಡಕೆಯ ಚೂರು, ಮೂಳೆ, ಇದ್ದಿಲು ಅದಕ್ಕೆ ಕಾಣಿಸವು. ತೊಂದರೆ ಇರುವುದು ಇಲ್ಲೇ.

ಇಂಗ್ಲೆಂಡಿನ ಮಾತು ನಿಜ. ಅಲ್ಲಿ 2009ರಲ್ಲಿ ಹವ್ಯಾಸಿಯೊಬ್ಬ ಸ್ಟಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ದೊಡ್ಡ ಚಿನ್ನದ ರಾಶಿಯನ್ನು ಕಂಡ. ಅದರಲ್ಲಿ ಶಿಲುಬೆಗಳೂ, ಬೈಬಲಿನ ಸಂಖ್ಯಾಕಾಂಡದ ವಾಕ್ಯ ಕೆತ್ತಿದ ಪಟ್ಟಿಯೂ ಇದ್ದವು. ಆತ ಅಧಿಕಾರಿಗಳಿಗೆ ತಿಳಿಸಿದ. ಪುರಾತತ್ವಜ್ಞರು ಬಂದು ಅಗೆದರು. 32,85,000 ಪೌಂಡ್ ಬೆಲೆಯನ್ನು ಅವನಿಗೂ ಹೊಲದ ಒಡೆಯನಿಗೂ ಸಮನಾಗಿ ಹಂಚಲಾಯಿತು. ಅದೇ ದೇಶದ ಹೆರೆಫರ್ಡ್‌ಶೈರ್‌ನಲ್ಲಿ 2015ರಲ್ಲಿ ಇಬ್ಬರು ವೈಕಿಂಗ್ ಕಾಲದ ನಿಧಿಯನ್ನು ಕಂಡು, ಬಚ್ಚಿಟ್ಟು ಮಾರಿದರು. ಸುಮಾರು 300 ನಾಣ್ಯಗಳಿದ್ದವೆಂದು ಅಂದಾಜು. ವಿಚಾರಣೆಯ ಹೊತ್ತಿಗೆ ಕೈಗೆ ಸಿಕ್ಕಿದ್ದು 31. ಇಬ್ಬರಿಗೂ 2019ರಲ್ಲಿ ಜೈಲಾಯಿತು. ಯಂತ್ರ ಒಂದೇ, ಹೊಲವೂ ಒಂದೇ ಬಗೆಯದು; ಕಂಡವರ ಮನಸ್ಸು ಮಾತ್ರ ಬೇರೆ.

ಇನ್ನು ನಮ್ಮ ನೆಲಕ್ಕೆ ಬರೋಣ. ಕೃಷ್ಣಗಿರಿ ಜಿಲ್ಲೆಯ ಬರಗೂರಿನ ಕಡೆ ಮಯಿಲಾಡುಂಪಾರೈ ಎಂಬ ಸ್ಥಳವಿದೆ. 2021ರಲ್ಲಿ ತಮಿಳುನಾಡು ಪುರಾತತ್ವ ಇಲಾಖೆ ಅಲ್ಲಿ ಉತ್ಖನನ ನಡೆಸಿತು. ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಆಳದಲ್ಲಿ, ಕಬ್ಬಿಣ ಸಿಕ್ಕಿದ ಮಣ್ಣಿನ ಪದರದಿಂದಲೇ ಇದ್ದಿಲನ್ನು ಆಯ್ದು ಪರೀಕ್ಷೆಗೆ ಕಳಿಸಿದರು. ಕಾಲ ಕ್ರಿ.ಪೂ. 2172 ಎಂದು ಬಂತು. 2022ರ ಮೇ ತಿಂಗಳಲ್ಲಿ ರಾಜ್ಯದ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ಇದನ್ನು ಪ್ರಕಟಿಸಿದರು. ನಾಲ್ಕು ಸಾವಿರ ವರ್ಷಗಳ ಹಿಂದೆ ನಮ್ಮ ಈ ಸೀಮೆಯ ಜನ ಕಬ್ಬಿಣ ಬಳಸುತ್ತಿದ್ದರು!

ಗಮನಿಸಿ: ಕಾಲವನ್ನು ಹೇಳಿದ್ದು ಕಬ್ಬಿಣವಲ್ಲ, ಅದರ ಜೊತೆಗಿದ್ದ ಇದ್ದಿಲು. ಯಾರಾದರೂ ಯಂತ್ರದ ಸದ್ದು ಕೇಳಿ ಗುದ್ದಲಿ ಹಾಕಿದ್ದರೆ, ಕಬ್ಬಿಣದ ಚೂರನ್ನು ಗುಜರಿ ಎಂದು ಎಸೆಯುತ್ತಿದ್ದರು, ಇದ್ದಿಲನ್ನು ಮಣ್ಣಿನಲ್ಲಿ ಬೆರೆಸುತ್ತಿದ್ದರು. ಹರಿದ ಪುಸ್ತಕವನ್ನು ಅಂಟಿಸಬಹುದು; ಕಲಸಿದ ಮಣ್ಣಿನ ಪದರವನ್ನು ಮತ್ತೆ ಜೋಡಿಸಲು ಬಾರದು.

ಮಲ್ಲಚಂದ್ರದ ಬೆಟ್ಟದ ಮೇಲೆ ಚಪ್ಪಡಿ ಕಲ್ಲುಗಳಿಂದ ಕಟ್ಟಿದ ಪ್ರಾಚೀನ ಶಿಲಾಸಮಾಧಿಗಳಿವೆ. ಇಂಥವನ್ನು ಹಲವೆಡೆ ನಮ್ಮ ಜನ ಪಾಂಡವರ ಮನೆ ಎನ್ನುತ್ತಾರೆ. ಹೊಸೂರು, ಕೃಷ್ಣಗಿರಿಯ ಹೊಲಗಳ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ಹೊಯ್ಸಳ ರಾಮನಾಥ ಆಳಿದ ಕುಂದಾಣಿಯೂ ಇದೇ ಸೀಮೆಯದು. ಆದರೆ ಕಲ್ಲು ಕಂಡಲ್ಲೆಲ್ಲ ಕೆಳಗೆ ಕೊಪ್ಪರಿಗೆ ಇದೆ ಎಂಬ ಮಾತು ಇನ್ನೂ ಸತ್ತಿಲ್ಲ. ಶಿಲಾಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೂಳೆ, ಮಡಕೆ, ಮಣಿ, ಕಬ್ಬಿಣದ ಸಾಮಾನು. ಅದು ಯಾರದೋ ತಂದೆತಾಯಿಯ ಗೋರಿ. ನಮ್ಮ ಹಿರಿಯರ ಸಮಾಧಿಗಳಿಗೆ ನವೆಂಬರ್ 2ರಂದು ಹೂವಿಟ್ಟು ಮೇಣದಬತ್ತಿ ಹಚ್ಚುವ ನಾವು, ಬೇರೆಯವರ ಹಿರಿಯರ ಗೋರಿ ಅಗೆದರೆ ಸುಮ್ಮನಿರಬಹುದೇ?

2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ನಡೆದದ್ದು ಇದೇ. ತುಂಗಭದ್ರೆಯ ನಡುಗಡ್ಡೆಯಲ್ಲಿರುವ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಗೆ ರಾತ್ರೋರಾತ್ರಿ ಒಡೆದು ಹಾಕಿದರು. ಭಕ್ತರು ಕೂಡಲೇ ಧಾವಿಸಿ ಅದನ್ನು ಮತ್ತೆ ಕಟ್ಟಿದರು. ಪೊಲೀಸರು ಆರೋಪಿಗಳನ್ನು ಹಿಡಿದರು. ಆದರೆ ಭಕ್ತರ ಮನಸ್ಸಿಗಾದ ಗಾಯ?

ಕಾನೂನು ಏನು ಹೇಳುತ್ತದೆ? 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ನೆಲದಲ್ಲಿ ಸಿಕ್ಕಿದರೆ, ಎಲ್ಲಿ, ಯಾವಾಗ, ಏನು ಸಿಕ್ಕಿತೆಂದು ಕಲೆಕ್ಟರರಿಗೆ ಬರೆದು ತಿಳಿಸಬೇಕು. ವಾರಸುದಾರರಿಲ್ಲವೆಂದು ತೀರ್ಮಾನವಾದರೆ ಕಂಡವನಿಗೂ ನೆಲದ ಒಡೆಯನಿಗೂ ಪಾಲು ಉಂಟು. ಸರ್ಕಾರ ತೆಗೆದುಕೊಂಡರೆ ಲೋಹದ ಬೆಲೆಯ ಜೊತೆಗೆ ಅದರ ಐದನೆಯ ಒಂದು ಭಾಗ ಸೇರಿಸಿ ಕೊಡಬೇಕು. ಮುಚ್ಚಿಟ್ಟವನಿಗೆ ಪಾಲೂ ಇಲ್ಲ, ಒಂದು ವರ್ಷದವರೆಗೆ ಸೆರೆಮನೆಯೂ ಆಗಬಹುದು. ಸಂರಕ್ಷಿತ ಸ್ಮಾರಕಗಳ ಬಳಿ ಅನುಮತಿಯಿಲ್ಲದೆ ಅಗೆಯುವುದಂತೂ ಅಪರಾಧವೇ. ಹವ್ಯಾಸಿಗಳು ಕಂಡದ್ದನ್ನು ದಾಖಲಿಸುವ ಇಂಗ್ಲೆಂಡಿನಂಥ ಏರ್ಪಾಡು ನಮ್ಮಲ್ಲಿಲ್ಲ. ಆದ್ದರಿಂದ ಅಲ್ಲಿನ ವಿಡಿಯೋ ನೋಡಿ ಇಲ್ಲಿ ಗುದ್ದಲಿ ಹಿಡಿಯುವುದು ಸರಿಯಲ್ಲ.

ಯೇಸುಸ್ವಾಮಿ ಹೇಳಿದ ನಿಧಿಯ ಸಾಮತಿ ನಮಗೆಲ್ಲ ಗೊತ್ತು. ಅದರಲ್ಲಿ ನಿಧಿ ಕಂಡವನು ರಾತ್ರಿ ಬಂದು ಅಗೆದುಕೊಂಡು ಹೋಗಲಿಲ್ಲ. ಇದ್ದದ್ದನ್ನೆಲ್ಲ ಮಾರಿ ಮೊದಲು ಹೊಲವನ್ನು ಕೊಂಡ. ಹೊಲವನ್ನು ಬಿಟ್ಟು ನಿಧಿಯನ್ನಷ್ಟೇ ಎತ್ತಿಕೊಳ್ಳಲು ಅವನು ಹೊರಡಲಿಲ್ಲ.

ಇಷ್ಟನ್ನೂ ಹುಡುಗನಿಗೆ ಹೇಳಿದೆವು. ಕೊನೆಗೆ, "ಈ ಕಬ್ಬಿಣದ ಚೂರುಗಳು ಎಲ್ಲಿ ಸಿಕ್ಕವಪ್ಪಾ?" ಎಂದು ಕೇಳಿದೆವು. ಒಂದೊಂದನ್ನೇ ಕೈಗೆತ್ತಿಕೊಂಡು ಬಹಳ ಹೊತ್ತು ಯೋಚಿಸಿದ. ಮೂರು ಗುಡ್ಡಗಳದ್ದು ಒಂದೇ ಚೀಲದಲ್ಲಿ ಬೆರೆತಿತ್ತು. "ನೆನಪಿಲ್ಲ ಫಾದರ್" ಎಂದು ತಲೆ ತಗ್ಗಿಸಿದ.

ನಾಣ್ಯ ಸಿಕ್ಕಿದ ಜಾಗ ಮಾತ್ರ ನೆನಪಿತ್ತು. ಅದು ಅವನ ಅಜ್ಜನ ಹೊಲ. ವಿ.ಎ.ಓ. ಅವರನ್ನು ಕಂಡು ಕಲೆಕ್ಟರರಿಗೆ ಅರ್ಜಿ ಬರೆದುಕೊಟ್ಟ. ಈಗ ರಜೆಯಲ್ಲಿ ಗುಡ್ಡಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಯಂತ್ರದ ಬದಲು ಕ್ಯಾಮೆರಾ ಒಯ್ದು ವೀರಗಲ್ಲುಗಳ ಚಿತ್ರ ತೆಗೆಯುತ್ತಾನೆ, ಊರಿನ ಹೆಸರು ಬರೆದಿಡುತ್ತಾನೆ.

ಪ್ರಿಯ ಕುಟುಂಬಗಳೇ, ಬಾವಿ ತೋಡುವಾಗ, ಪಾಯ ಅಗೆಯುವಾಗ ಹಳೆಯದೇನಾದರೂ ಕಂಡರೆ ಕೆಲಸ ನಿಲ್ಲಿಸಿ. ತೊಳೆಯಬೇಡಿ, ಉಜ್ಜಬೇಡಿ, ಕದಲಿಸಬೇಡಿ. ವಿ.ಎ.ಓ. ಅಥವಾ ತಹಸೀಲ್ದಾರರಿಗೆ ತಿಳಿಸಿ. ಮಕ್ಕಳನ್ನು ಒಮ್ಮೆ ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ನಮ್ಮ ಕಾಲ ಕೆಳಗಿನ ಮಣ್ಣು ನಮಗಿಂತ ಮೊದಲು ಇಲ್ಲಿ ಬಾಳಿದವರದು, ನಮ್ಮ ನಂತರ ಬರುವವರದೂ ಹೌದು.